‘ಪೊಲೀಸ್’ ಎಂಬ ಪದ ಹೊತ್ತ ಭಾರ

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಸೆಪ್ಟೆಂಬರ್ 17ಕ್ಕೆ ಈಗ ಹೆಸರುಗಳು ಹಲವು. ಹೈದರಾಬಾದಿನ ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಧ್ವಜ ಹಾರಿಸುವ ತೆಲಂಗಾಣ ಸರ್ಕಾರ 2022ರಲ್ಲಿ ಅದನ್ನು ರಾಷ್ಟ್ರೀಯ ಸಮಗ್ರತಾ ದಿನವೆಂದಿತು, 2024ರಲ್ಲಿ ಪ್ರಜಾಪಾಲನಾ ದಿನವೆಂದಿತು. ಕೇಂದ್ರಕ್ಕೆ ಅದು ಹೈದರಾಬಾದ್ ವಿಮೋಚನಾ ದಿನ. ಆದರೆ 1948ರ ಪತ್ರಿಕೆಗಳಲ್ಲಿ ನೆಲೆಯೂರಿದ್ದು ‘ಪೊಲೀಸ್ ಕಾರ್ಯಾಚರಣೆ’. ಬೀದರ್, ಕಲಬುರಗಿ, ರಾಯಚೂರು ಕಡೆಯ ಹಿರಿಯರ ಬಾಯಲ್ಲಿ ಅದು ‘ಪೊಲೀಸ್ ಆಕ್ಷನ್’. ನಡೆದದ್ದೇನು ಎಂದು ನೋಡಿದರೆ ಈ ‘ಪೊಲೀಸ್’ ಎಷ್ಟು ಅಳೆದು ಆರಿಸಿದ ಪದವೆಂಬುದು ತಿಳಿಯುತ್ತದೆ. ಸೆಪ್ಟೆಂಬರ್ 13ರಂದು ಹೈದರಾಬಾದ್ ಸಂಸ್ಥಾನದ ಗಡಿ ದಾಟಿದ್ದು ಭಾರತೀಯ ಸೇನೆ. ಅದರ ಮುಖ್ಯ ಪಡೆ ಸೊಲ್ಲಾಪುರದ ಕಡೆಯಿಂದ ಟ್ಯಾಂಕುಗಳೊಂದಿಗೆ ನುಗ್ಗಿತು, ವಾಯುಪಡೆ ಬಾಂಬ್ ಹಾಕಿತು. ಸೇನೆ ಇಟ್ಟುಕೊಂಡ ಹೆಸರು ‘ಆಪರೇಷನ್ ಪೋಲೋ’. ಐದು ದಿನಗಳಲ್ಲಿ ಸಂಸ್ಥಾನದ ಅರಸ ನಿಜಾಮರ ಸೇನಾಧಿಪತಿ ಎಲ್ ಎದ್ರೂಸ್ ಶರಣಾದರು. ಆಡಳಿತ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಕೈಗೆ ಬಂತು; ಅವರು ಮಿಲಿಟರಿ ಗವರ್ನರ್.

ಹಾಗಿದ್ದೂ ‘ಪೊಲೀಸ್’ ಏಕೆ? ಆಗಸ್ಟ್ 21ರಂದು ನಿಜಾಮರ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ‘ಯುದ್ಧ’ ಎಂದರೆ ಎದುರಿಗೆ ಇನ್ನೊಂದು ದೇಶವಿದೆ ಎಂದು ಒಪ್ಪಿದಂತೆ. ಪೊಲೀಸರ ಕೆಲಸವಾದರೋ ಮನೆಯೊಳಗಿನದು, ಹೊರಗಿನವರು ಕೇಳುವಂತಿಲ್ಲ. ಇದೇ ತರ್ಕದಿಂದ ಡಚ್ಚರು 1947ರಲ್ಲಿ ಇಂಡೋನೇಷ್ಯಾದ ಮೇಲಿನ ದಾಳಿಯನ್ನು ಪೊಲೀಸ್ ಕ್ರಮವೆಂದು ಕರೆದಿದ್ದರು. 1950ರಲ್ಲಿ ಕೊರಿಯಾಕ್ಕೆ ಸೈನ್ಯ ಇಳಿಸುವಾಗ ಪತ್ರಕರ್ತರೊಬ್ಬರು ಇದೇ ಮಾತನ್ನು ಮುಂದಿಟ್ಟರು, ಅಮೆರಿಕದ ಅಧ್ಯಕ್ಷ ಟ್ರೂಮನ್ ಹೌದೆಂದರು. ದೆಹಲಿಯನ್ನು ಡಚ್ ಸರ್ಕಾರದ ಹೇಗ್ ಜೊತೆ ಸಮೀಕರಿಸುವುದು ಖಂಡಿತ ತಪ್ಪು: ಡಚ್ಚರು ವಸಾಹತು ಉಳಿಸಿಕೊಳ್ಳಲು ಹೋದವರು, ಇಲ್ಲಿ ಪ್ರಜೆಗಳಲ್ಲಿ ಬಹುಪಾಲು ಜನ ಭಾರತದೊಡನೆ ಸೇರಲು ಬಯಸಿದ್ದರು. ಆದರೂ ಪದ ಮಾಡುವ ಕೆಲಸ ಎರಡೂ ಕಡೆ ಒಂದೇ.

ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಗೆ ಕಡಿವಾಣ ಹಾಕಿದ್ದನ್ನು ಪೊಲೀಸ್ ಕೆಲಸ ಎನ್ನದೆ ಇನ್ನೇನು ಎನ್ನಬೇಕು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ತೂಕವಿದೆ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಅವರು ನಡೆಸಿದ ಹತ್ಯಾಕಾಂಡವನ್ನು ನೆನೆದರೆ ಸೇನೆ ಬಂದದ್ದು ಅಲ್ಲಿನವರಿಗೆ ಜೀವದಾನ. ಜನರೇ ಆ ಮಾತನ್ನು ತಮ್ಮದಾಗಿಸಿಕೊಂಡು ‘ಪೊಲೀಸ್ ಆಕ್ಷನ್‌ಗಿಂತ ಮೊದಲು’, ‘ಆಮೇಲೆ’ ಎಂದು ಕಾಲ ಎಣಿಸಿದರು. ಅವರ ಬಾಯಿಂದ ಅದನ್ನು ಕಿತ್ತುಕೊಳ್ಳಬೇಕಿಲ್ಲ.

ನನ್ನ ತಕರಾರು ಪತ್ರಿಕಾ ಬರಹದ ಬಗ್ಗೆ. ಭದ್ರತಾ ಮಂಡಳಿಯ ಮುಂದಿನ ಅಗತ್ಯ ತೀರಿದ ಮೇಲೂ ಪತ್ರಿಕೆಗಳು ವಿವರಣೆಯಿಲ್ಲದೆ ಆ ಪದವನ್ನೇ ಮುಂದುವರಿಸಿದವು. ಪೊಲೀಸರು ಬಂದರು, ಶಾಂತಿ ನೆಲೆಸಿತು ಎಂಬ ಚಿತ್ರ ಓದುಗನ ಮನಸ್ಸಿನಲ್ಲಿ ನಿಂತಿತು. ನೆಹರೂ ಕಳಿಸಿದ ಪಂಡಿತ್ ಸುಂದರ್‌ಲಾಲ್ ತಂಡ ಕಂಡದ್ದು ಬೇರೆ: ಕಾರ್ಯಾಚರಣೆಯ ವೇಳೆ ಮತ್ತು ಆನಂತರದ ಹಿಂಸೆಯಲ್ಲಿ 27,000ದಿಂದ 40,000 ಜನ ಸತ್ತಿರಬಹುದು, ಹೆಚ್ಚಿನವರು ಮುಸ್ಲಿಮರು ಎಂಬುದು ಅದರ ಅಂದಾಜು. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಆ ಸಂಖ್ಯೆಯನ್ನು ಒಪ್ಪದವರೂ ಇದ್ದಾರೆ. ಆದರೆ ಸಾವುಗಳು ನಡೆದದ್ದು ಸುಳ್ಳಾಗದು, ‘ಪೊಲೀಸ್ ಕಾರ್ಯಾಚರಣೆ’ ಎಂಬ ಶೀರ್ಷಿಕೆಯೊಳಗೆ ಅವಕ್ಕೆ ಜಾಗವೂ ಇರಲಿಲ್ಲ. ಅತಿ ಹೆಚ್ಚು ನಲುಗಿದವೆಂದು ವರದಿ ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ನಾಂದೇಡ್, ಗುಲ್ಬರ್ಗ (ಇಂದಿನ ಕಲಬುರಗಿ) ಮತ್ತು ಗೋರ್ಟಾ ಇರುವ ಅದೇ ಬೀದರ್.