ಹೆಸರೆಂಬ ಬಂಡವಾಳ: ‘ಡ್ರ್ಯಾಗನ್ ಕ್ವೆಸ್ಟ್ 3’ ವರ್ತಕರಿಗೆ ಹೇಳುವ ಪಾಠ

ಒಂದು ಸರಕು ಮಾರುಕಟ್ಟೆಯಲ್ಲಿ ಹೆಸರು ಗಳಿಸಿದ ಮರುದಿನವೇ ಅದರ ಒಡೆಯನ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಅದೇ ಹೆಸರಿನಲ್ಲಿ ಎರಡನೆಯದನ್ನು, ಆನಂತರ ಮೂರನೆಯದನ್ನು ತರುವಾಗ ಆ ಹೆಸರನ್ನು ಬೆಳೆಸಬೇಕೆ, ಅಥವಾ ಗಳಿಸಿದ ಹೆಸರನ್ನು ಕರಗಿಸಿ ಲಾಭ ಮಾಡಿಕೊಳ್ಳಬೇಕೆ? ಊದುಬತ್ತಿ, ಸಾಂಬಾರು ಪುಡಿ, ಸಿದ್ಧ ಉಡುಪು, ಹೀಗೆ ಯಾವ ಉದ್ಯಮವನ್ನು ತೆಗೆದುಕೊಂಡರೂ ಈ ಪ್ರಶ್ನೆ ತಪ್ಪಿದ್ದಲ್ಲ. ಮೊದಲ ಸರಕಿನ ಯಶಸ್ಸನ್ನು ನಂಬಿ ಎರಡನೆಯದರಲ್ಲಿ ಗುಣಮಟ್ಟ ಇಳಿಸಿದವರು ಕೊನೆಗೆ ಎರಡನ್ನೂ ಕಳೆದುಕೊಂಡ ನಿದರ್ಶನಗಳು ನಮ್ಮ ಪೇಟೆಗಳಲ್ಲಿ ಬೇಕಾದಷ್ಟಿವೆ.

ಈ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ, ನಮ್ಮ ಸದಸ್ಯರು ಸಾಮಾನ್ಯವಾಗಿ ಕಣ್ಣು ಹಾಯಿಸದ ಕ್ಷೇತ್ರವೊಂದರಲ್ಲಿ ದೊರೆಯುತ್ತದೆ. ಅದು ಜಪಾನಿನ ವಿಡಿಯೋ ಗೇಮ್ ಉದ್ಯಮ. ಎನಿಕ್ಸ್ ಎಂಬ ಕಂಪನಿಯು 1988ರ ಫೆಬ್ರವರಿ 10ರಂದು ಬಿಡುಗಡೆ ಮಾಡಿದ ‘ಡ್ರ್ಯಾಗನ್ ಕ್ವೆಸ್ಟ್ 3’ ಆ ದೇಶದಲ್ಲಿ ಸುಮಾರು 38 ಲಕ್ಷ ಪ್ರತಿಗಳಷ್ಟು ಮಾರಾಟವಾಯಿತು. ಮಕ್ಕಳ ಆಟಕ್ಕೂ ವಾಣಿಜ್ಯ ಪತ್ರಿಕೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸರಕಿನ ಯೋಜನೆ, ವೆಚ್ಚ ನಿಯಂತ್ರಣ, ವಿತರಣೆ, ವ್ಯಾಪಾರ ಚಿಹ್ನೆ, ಸ್ಪರ್ಧಾ ಕಾನೂನು ಇವೆಲ್ಲವೂ ಈ ಒಂದೇ ಆಟದ ಇತಿಹಾಸದಲ್ಲಿ ಅಡಗಿವೆ ಎಂಬುದೇ ಅದಕ್ಕೆ ಉತ್ತರ.

ಹಿನ್ನೆಲೆ

ಎನಿಕ್ಸ್ ಮೂಲತಃ ತಂತ್ರಜ್ಞರ ಸಂಸ್ಥೆಯಲ್ಲ. 1975ರಲ್ಲಿ ಯಾಸುಹಿರೊ ಫುಕುಶಿಮಾ ಇದನ್ನು ಸ್ಥಾಪಿಸಿದಾಗ ಅದರ ಕೆಲಸ ಮನೆ, ನಿವೇಶನಗಳ ಮಾಹಿತಿ ಪತ್ರಿಕೆ ಹೊರತರುವುದಾಗಿತ್ತು. 1982ರಲ್ಲಿ ಕಂಪ್ಯೂಟರ್ ಆಟಗಳತ್ತ ಹೊರಳಿದಾಗ ಸಂಸ್ಥೆಯಲ್ಲಿ ಆಟ ರಚಿಸಬಲ್ಲವರಿರಲಿಲ್ಲ. ಆದ್ದರಿಂದ ಬಹುಮಾನ ಘೋಷಿಸಿ, ಆಟ ರಚಿಸುವ ಸ್ಪರ್ಧೆಯೊಂದನ್ನು ಏರ್ಪಡಿಸಲಾಯಿತು. ಅದರಲ್ಲಿ ಗೆದ್ದವರಲ್ಲಿ ಪತ್ರಿಕೆಗಳಿಗೆ ಬರೆಯುತ್ತಿದ್ದ ಯೂಜಿ ಹೋರಿ ಮತ್ತು ಇನ್ನೂ ಪ್ರೌಢಶಾಲೆಯಲ್ಲಿದ್ದ ಕೊಯಿಚಿ ನಾಕಾಮುರಾ ಪ್ರಮುಖರು.

ಮುಂದೆ ಡ್ರ್ಯಾಗನ್ ಕ್ವೆಸ್ಟ್‌ಗೆ ಕಥೆ ಹೋರಿ ಅವರದಾಯಿತು. ಪ್ರೋಗ್ರಾಂ ನಾಕಾಮುರಾ ಅವರ ಚುನ್‌ಸಾಫ್ಟ್ ಸಂಸ್ಥೆಯದಾಯಿತು. ಚಿತ್ರಕಥೆಗಳಿಂದ ಮನೆಮಾತಾಗಿದ್ದ ಅಕಿರಾ ತೊರಿಯಾಮಾ ಪಾತ್ರಗಳನ್ನೂ ರಾಕ್ಷಸರನ್ನೂ ಚಿತ್ರಿಸಿದರು. ಹಿರಿಯ ಸಂಗೀತ ಸಂಯೋಜಕ ಕೊಯಿಚಿ ಸುಗಿಯಾಮಾ ಸಂಗೀತ ನೀಡಿದರು. ಎನಿಕ್ಸ್ ಹಣ ಹೂಡಿತು, ಪ್ರಕಟಿಸಿತು, ಮಾರಿತು. ತನ್ನಲ್ಲಿಲ್ಲದ ಕೌಶಲವನ್ನು ಹೊರಗಿನಿಂದ ಪಡೆದು, ಹೆಸರನ್ನು ಮಾತ್ರ ತನ್ನಲ್ಲಿ ಉಳಿಸಿಕೊಂಡ ಈ ವ್ಯವಸ್ಥೆಯಿಂದ ಕಂಪನಿಯ ಸ್ಥಿರ ವೆಚ್ಚ ಹಗುರವಾಗಿತ್ತು. ಮೂರೂ ಆಟಗಳಿಗೆ ಇದೇ ನಾಲ್ವರು ದುಡಿದರೆಂಬುದು ಇನ್ನೂ ಮುಖ್ಯವಾದ ಸಂಗತಿ. ಹೆಸರು ಬಂದ ಮೇಲೆ ಅಗ್ಗದ ಕೈಗಳಿಗೆ ಕೆಲಸ ವರ್ಗಾಯಿಸುವ ಆಮಿಷಕ್ಕೆ ಕಂಪನಿ ಒಳಗಾಗಲಿಲ್ಲ.

ಬೆಲೆಯಲ್ಲಿ ಏರಿಕೆ ಅಲ್ಪ, ಸರಕಿನಲ್ಲಿ ನಾಲ್ಕು ಪಟ್ಟು

ಈ ಆಟಗಳು ನಿಂಟೆಂಡೊ ಕಂಪನಿಯ ಫ್ಯಾಮಿಕಾಂ ಯಂತ್ರಕ್ಕೆ ತೂರಿಸುವ ಕಾರ್ಟ್ರಿಡ್ಜ್ ರೂಪದಲ್ಲಿ ಬರುತ್ತಿದ್ದವು. ಕಾರ್ಟ್ರಿಡ್ಜ್ ಎಂದರೆ ಒಳಗೆ ಮೆಮೊರಿ ಚಿಪ್ ಇರುವ ಪ್ಲಾಸ್ಟಿಕ್ ಪೆಟ್ಟಿಗೆ. ಆಟ ದೊಡ್ಡದಾದಷ್ಟೂ ದೊಡ್ಡ ಚಿಪ್ ಬೇಕು, ಚಿಪ್ ದೊಡ್ಡದಾದಷ್ಟೂ ಪ್ರತಿಯೊಂದರ ತಯಾರಿಕಾ ವೆಚ್ಚ ಹೆಚ್ಚು. ಪುಸ್ತಕಕ್ಕೆ ಪುಟ ಸೇರಿಸಿದಂತೆ ಇಲ್ಲಿ ಸುಲಭವಾಗಿ ಕಥೆ ಸೇರಿಸುವಂತಿರಲಿಲ್ಲ.

1986ರ ಮೇ 27ರಂದು ಬಂದ ಮೊದಲ ಆಟದ ಗಾತ್ರ 64 ಕಿಲೋಬೈಟ್, ಬೆಲೆ 5,500 ಯೆನ್, ಮಾರಾಟ ಸುಮಾರು 15 ಲಕ್ಷ. ಎಂಟು ತಿಂಗಳ ನಂತರ, 1987ರ ಜನವರಿ 26ರಂದು ಬಂದ ಎರಡನೆಯದರ ಗಾತ್ರ 128 ಕಿಲೋಬೈಟ್, ಬೆಲೆ ಅದೇ 5,500 ಯೆನ್, ಮಾರಾಟ ಸುಮಾರು 24 ಲಕ್ಷ. ಮೂರನೆಯದರ ಗಾತ್ರ 256 ಕಿಲೋಬೈಟ್, ಬೆಲೆ 5,900 ಯೆನ್, ಮಾರಾಟ ಸುಮಾರು 38 ಲಕ್ಷ. ಅಂದರೆ ಮೊದಲಿನದಕ್ಕೆ ಹೋಲಿಸಿದರೆ ಸರಕು ನಾಲ್ಕು ಪಟ್ಟಾಯಿತು, ಬೆಲೆ ಶೇಕಡಾ 7ರಷ್ಟು ಮಾತ್ರ ಏರಿತು, ಮಾರಾಟ ಎರಡೂವರೆ ಪಟ್ಟಾಯಿತು. ನಮೂದಿತ ಬೆಲೆಯಲ್ಲಿ ಲೆಕ್ಕ ಹಾಕಿದರೆ ಮೂರನೆಯ ಆಟದ ಒಟ್ಟು ವಹಿವಾಟು 2,200 ಕೋಟಿ ಯೆನ್ ಮೀರುತ್ತದೆ. ಇದರಲ್ಲಿ ಅಂಗಡಿಯವರ, ಸಗಟು ವ್ಯಾಪಾರಿಗಳ ಮತ್ತು ಯಂತ್ರದ ಕಂಪನಿಯ ಪಾಲೂ ಸೇರಿರುವುದರಿಂದ ಇದನ್ನು ಎನಿಕ್ಸ್‌ನ ಆದಾಯವೆಂದು ಎಣಿಸಬಾರದು.

ಹೆಚ್ಚಿದ ಸರಕು ಎಲ್ಲಿಗೆ ಹೋಯಿತೆಂಬುದು ಗಮನಾರ್ಹ. ಎರಡನೆಯ ಆಟದಲ್ಲಿ, ನಿಲ್ಲಿಸಿದ ಕಡೆಯಿಂದ ಮುಂದುವರಿಯಬೇಕಾದರೆ ಆಟಗಾರನು 52 ಅಕ್ಷರಗಳವರೆಗಿನ ಸಂಕೇತವೊಂದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕಾಗಿತ್ತು. ಒಂದು ಅಕ್ಷರ ತಪ್ಪಿದರೂ ಅಷ್ಟು ದಿನದ ಶ್ರಮ ವ್ಯರ್ಥ. ಮೂರನೆಯ ಆಟದ ಕಾರ್ಟ್ರಿಡ್ಜ್‌ನಲ್ಲಿ ಚಿಕ್ಕ ಬ್ಯಾಟರಿಯೊಂದನ್ನು ಅಳವಡಿಸಿ, ದಾಖಲೆ ಅಲ್ಲಿಯೇ ಉಳಿಯುವಂತೆ ಮಾಡಲಾಯಿತು. ಆ ದಾಖಲೆಯೂ ಕೆಲವೊಮ್ಮೆ ಅಳಿಸಿಹೋಗುತ್ತಿತ್ತು. ಆದರೂ ಗ್ರಾಹಕರ ಬಹುದೊಡ್ಡ ತೊಂದರೆಯೊಂದು ನಿವಾರಣೆಯಾಯಿತು. ಇದಕ್ಕೆ ಪ್ರತಿಯಾಗಿ ಸ್ಥಳ ಉಳಿಸಲು ಕತ್ತರಿ ಬಿದ್ದದ್ದು ಆರಂಭದ ಶೀರ್ಷಿಕೆ ಚಿತ್ರಕ್ಕೆ. ಇಡೀ ಜಪಾನ್ ಕಾದಿದ್ದ ಆಟ ತೆರೆದುಕೊಂಡಿದ್ದು ಸಂಗೀತವೂ ಇಲ್ಲದ ಕಪ್ಪು ಪರದೆಯ ಮೇಲಿನ ಬರಿಯ ಅಕ್ಷರಗಳಿಂದ. ಅಲಂಕಾರದಲ್ಲಿ ಉಳಿಸಿ ಒಳಗಿನ ಸರಕಿಗೆ ಹಾಕಿದ ವೆಚ್ಚ ಇದು. ಪೊಟ್ಟಣಕ್ಕೆ ಮಿಂಚು ಹಚ್ಚಿ ಒಳಗಿನ ತೂಕ ಇಳಿಸುವವರು ಇದನ್ನು ಗಮನಿಸಬೇಕು.

ಮೆಣಸು, ಹಡಗು ಮತ್ತು ವರ್ತಕ

ಆಟದ ಕಥೆಯೂ ವಾಣಿಜ್ಯಾಸಕ್ತರಿಗೆ ಅಪರಿಚಿತವೆನಿಸುವುದಿಲ್ಲ. ಹದಿನಾರು ತುಂಬಿದ ನಾಯಕನು ಯೋಧ, ಪುರೋಹಿತ, ಮಂತ್ರವಾದಿ, ವರ್ತಕ ಮೊದಲಾದವರಲ್ಲಿ ತನಗೆ ಬೇಕಾದ ಮೂವರನ್ನು ಆರಿಸಿಕೊಂಡು ದುಷ್ಟಶಕ್ತಿಯ ಸಂಹಾರಕ್ಕೆ ಹೊರಡುತ್ತಾನೆ. ಮೊದಲ ಆಟದಲ್ಲಿ ಆಟಗಾರ ಒಂಟಿ, ಎರಡನೆಯದರಲ್ಲಿ ನಿಗದಿತ ಮೂವರು. ಮೂರನೆಯದರಲ್ಲಿ ತಂಡದ ಆಯ್ಕೆಯೇ ಆಟಗಾರನ ಕೈಗೆ ಬಂದಿತು. ಇಲ್ಲಿನ ಭೂಪಟವು ನಮ್ಮ ಭೂಮಿಯನ್ನೇ ಹೋಲುತ್ತದೆ.

ಪೋರ್ತೊಗಾ ಎಂಬ ರಾಜ್ಯದ ದೊರೆಗೆ ಪೂರ್ವ ದೇಶದ ಕರಿಮೆಣಸು ಬೇಕು. ತಂದುಕೊಟ್ಟರೆ ಹಡಗು ಕೊಡುವೆನೆಂದು ಅವನ ಮಾತು. ನಾಯಕನು ಪರ್ವತದಾಚೆ ಸಾಗಿ ತಲುಪುವ ಊರಿನ ಹೆಸರು ಬಹಾರಾತಾ. ಅಲ್ಲಿನ ಮೆಣಸಿನ ವ್ಯಾಪಾರಿಯ ಮೊಮ್ಮಗಳನ್ನೂ ಅವಳನ್ನು ಮದುವೆಯಾಗಲಿರುವ ಗುಪ್ತಾ ಎಂಬ ತರುಣನನ್ನೂ ದರೋಡೆಕೋರರಿಂದ ಬಿಡಿಸಿದಾಗ, ಆ ಗುಪ್ತಾ ಮೆಣಸನ್ನು ಉಚಿತವಾಗಿಯೇ ನೀಡುತ್ತಾನೆ. ಪೋರ್ಚುಗಲ್ ಮತ್ತು ಭಾರತಗಳ ನೆರಳು ಇಲ್ಲಿ ಸ್ಪಷ್ಟ. ಪೋರ್ಚುಗೀಸರಿಂದಲೇ ‘ಮೆಣಸಿನ ರಾಣಿ’ ಎನ್ನಿಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನಾಡಿನವರಾದ ನಮಗೆ, ಮೆಣಸಿಗಾಗಿ ಹಡಗುಗಳು ಹೊರಟ ಚರಿತ್ರೆ ಜಪಾನಿನ ಮಕ್ಕಳ ಆಟದೊಳಗೂ ಸೇರಿರುವುದು ಸಂತೋಷದ ವಿಷಯ.

ವರ್ತಕನ ಪಾತ್ರವಂತೂ ವಿಶೇಷ. ಕಾಳಗದಲ್ಲಿ ಅವನು ಯೋಧನಿಗೆ ಸಮನಲ್ಲ. ಆದರೆ ವಸ್ತುಗಳ ಬೆಲೆ, ಗುಣಗಳನ್ನು ಗುರುತಿಸಬಲ್ಲ, ಗೆಲುವಿನ ನಂತರ ಹೆಚ್ಚು ಹಣ ತರಬಲ್ಲ. ಸಮುದ್ರದಾಚೆಯ ಬಯಲೊಂದರಲ್ಲಿ ಮುದುಕನೊಬ್ಬ, ಇಲ್ಲಿ ಪಟ್ಟಣ ಕಟ್ಟಲು ಒಬ್ಬ ವರ್ತಕ ಬೇಕೆಂದು ಕೇಳುತ್ತಾನೆ. ಆಟಗಾರ ತನ್ನ ತಂಡದ ವರ್ತಕನನ್ನು ಅಲ್ಲಿ ಬಿಟ್ಟರೆ, ಪ್ರತಿ ಬಾರಿ ಮರಳಿ ಬಂದಾಗಲೂ ಊರು ಬೆಳೆದಿರುತ್ತದೆ: ಮೊದಲು ಅಂಗಡಿ, ಬಳಿಕ ಮನೆಗಳು, ರಂಗಶಾಲೆ. ಕೊನೆಗೆ ಬಂದಾಗ ವರ್ತಕ ಸೆರೆಯಲ್ಲಿದ್ದಾನೆ. ಊರು ಬೆಳೆಸುವ ಭರದಲ್ಲಿ ಜನರನ್ನು ಮಿತಿಮೀರಿ ದುಡಿಸಿದ್ದಕ್ಕೆ ಅವರು ದಂಗೆಯೆದ್ದಿರುತ್ತಾರೆ. ಊರು ಕಟ್ಟಲು ವರ್ತಕ ಬೇಕು, ಆದರೆ ಜನರ ವಿಶ್ವಾಸ ಕಳೆದುಕೊಂಡ ವರ್ತಕನಿಗೆ ತಾನು ಕಟ್ಟಿದ ಊರಿನಲ್ಲೇ ಸ್ಥಳವಿಲ್ಲ.

ಕಥೆಯ ಅಂತ್ಯ ಇನ್ನೂ ಸ್ವಾರಸ್ಯಕರ. ಶತ್ರುವನ್ನು ಗೆದ್ದೆವೆಂದುಕೊಂಡಾಗ ಕೆಳಗೆ ಇನ್ನೊಂದು ಲೋಕ ತೆರೆಯುತ್ತದೆ. ಅದು ಮೊದಲ ಆಟ ನಡೆದ ನಾಡು. ಹಿಂದಿನ ಆಟಗಳಲ್ಲಿ ವಂಶದ ಮೂಲಪುರುಷನೆಂದು ಕೊಂಡಾಡಲಾಗಿದ್ದ ‘ರೊತೊ’ ಬೇರೆ ಯಾರೂ ಅಲ್ಲ, ಆಟಗಾರನೇ ಎಂದು ಕೊನೆಯಲ್ಲಿ ತಿಳಿಯುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮೂರನೆಯದರ ಆಖೈರು ಶಿಲ್ಕೇ ಮೊದಲನೆಯದರ ಆರಂಭದ ಶಿಲ್ಕು. ಈ ಮುಂದಿನ ಭಾಗ ಹಿಂದಿನ ಎರಡನ್ನು ಹಳತಾಗಿಸಲಿಲ್ಲ, ಅವುಗಳ ಬೆಲೆಯನ್ನೂ ಹೆಚ್ಚಿಸಿತು. ಹೊಸ ಸರಕು ಬಂದಾಗ ಹಳೆಯ ಗ್ರಾಹಕನಿಗೆ ತಾನು ಮೋಸಹೋದೆನೆಂಬ ಭಾವ ಬಾರದಂತೆ ನೋಡಿಕೊಳ್ಳುವುದಕ್ಕೆ ಇದಕ್ಕಿಂತ ಉತ್ತಮ ಮಾದರಿ ವಿರಳ.

ಬೇಡಿಕೆ ಮಿತಿಮೀರಿದಾಗ

1988ರ ಫೆಬ್ರವರಿ 10 ಬುಧವಾರ, ಶಾಲೆ ನಡೆಯುವ ದಿನ. ಅಂಗಡಿಗಳ ಮುಂದೆ ಉದ್ದನೆಯ ಸಾಲುಗಳು ನಿಂತವು. ಶಾಲೆ ತಪ್ಪಿಸಿ ಬಂದ ಸುಮಾರು 300 ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದು ಎಚ್ಚರಿಸಿದರೆಂದು ವರದಿಯಾಯಿತು. ಇದಾದ ಮೇಲೆ ಈ ಆಟವನ್ನು ಕೆಲಸದ ದಿನ ಬಿಡುಗಡೆ ಮಾಡಬಾರದೆಂದು ಜಪಾನಿನಲ್ಲಿ ಕಾನೂನೇ ಆಯಿತೆಂಬ ಮಾತು ಪ್ರಚಾರದಲ್ಲಿದೆ. ಅದು ನಿಜವಲ್ಲ. ಆದರೆ ನಾಲ್ಕನೆಯ ಆಟ ಬಂದದ್ದು 1990ರ ಫೆಬ್ರವರಿ 11ರ ಭಾನುವಾರ, ಐದನೆಯದು ಬಂದದ್ದು 1992ರ ಸೆಪ್ಟೆಂಬರ್ 27ರ ಭಾನುವಾರ.

ಇನ್ನೊಂದು ಕೇಡು ವಿತರಣೆಯ ಹಾದಿಯಲ್ಲಿ ಕಾಣಿಸಿಕೊಂಡಿತು. ಬೇಡಿಕೆ ಪೂರೈಕೆಗಿಂತ ಹೆಚ್ಚಾದಾಗ, ಈ ಆಟ ಬೇಕಾದರೆ ಮಾರಾಟವಾಗದೆ ಉಳಿದ ಬೇರೆ ಆಟಗಳನ್ನೂ ಕೊಳ್ಳಬೇಕೆಂದು ವ್ಯಾಪಾರಿಗಳು ಒತ್ತಾಯಿಸತೊಡಗಿದರು. ನಾಲ್ಕನೆಯ ಆಟದ ವಿಷಯದಲ್ಲಿ ಸಗಟು ವ್ಯಾಪಾರ ಸಂಸ್ಥೆಯೊಂದು ಚಿಲ್ಲರೆ ಅಂಗಡಿಗಳ ಮೇಲೆ ಇಂಥ ಷರತ್ತು ಹೇರಿದ ಪ್ರಕರಣ ಜಪಾನಿನ ನ್ಯಾಯೋಚಿತ ವ್ಯಾಪಾರ ಆಯೋಗದ ಮುಂದೆ ಬಂದಿತು. 1992ರ ಫೆಬ್ರವರಿ 28ರ ನಿರ್ಣಯದಲ್ಲಿ ಆಯೋಗವು ಇದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಸಾರಿತು. ಆ ದೇಶದ ಸ್ಪರ್ಧಾ ಕಾನೂನಿನ ಅಧ್ಯಯನದಲ್ಲಿ ಇದೊಂದು ಪ್ರಮುಖ ಪ್ರಕರಣ.

ಗ್ಯಾಸ್ ಸಂಪರ್ಕಕ್ಕೆ ಹೋದವರಿಗೆ ಒಲೆಯನ್ನೂ ಕಟ್ಟುತ್ತಿದ್ದ ದಿನಗಳನ್ನು ಕಂಡಿರುವ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮಲ್ಲಿ 2002ರ ಸ್ಪರ್ಧಾ ಕಾಯಿದೆಯ 3(4)ನೇ ಕಲಂ ಇಂಥ ಷರತ್ತಿನ ಮಾರಾಟವನ್ನು ಪರಿಶೀಲನೆಗೆ ಒಳಪಡಿಸುತ್ತದೆ. ಅದು ಸ್ಪರ್ಧೆಗೆ ಗಣನೀಯ ಧಕ್ಕೆ ತರುವಂತಿದ್ದರೆ ನಿಷಿದ್ಧ. ಕಾನೂನಿನ ಮಾತು ಹಾಗಿರಲಿ, ಇಲ್ಲಿ ಲಾಭ ಸಗಟು ವ್ಯಾಪಾರಿಗೆ ಹೋದರೆ ಕೆಟ್ಟ ಹೆಸರು ಬರುವುದು ಸರಕಿಗೆ.

ಅಮೆರಿಕದಲ್ಲಿ ಬೇರೆಯೇ ಕಥೆ

ಇದೇ ಸರಕು ಅಮೆರಿಕದಲ್ಲಿ ಇಷ್ಟು ಯಶಸ್ಸು ಕಾಣಲಿಲ್ಲ. ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಹೆಸರಿನ ಬೇರೊಂದು ಆಟ ಅಲ್ಲಿ ಮೊದಲೇ ಇದ್ದುದರಿಂದ, ‘ಡ್ರ್ಯಾಗನ್ ವಾರಿಯರ್’ ಎಂದು ಹೆಸರು ಬದಲಿಸಬೇಕಾಯಿತು. 1989ರಲ್ಲಿ ಬಂದ ಮೊದಲ ಆಟದ ದಾಸ್ತಾನು ಉಳಿದಾಗ ನಿಂಟೆಂಡೊ ಅದನ್ನು ತನ್ನ ಪತ್ರಿಕೆಯ ಚಂದಾದಾರರಿಗೆ ಉಚಿತವಾಗಿ ಹಂಚಿತು. ಮೂರನೆಯ ಆಟ ಅಲ್ಲಿಗೆ ತಲುಪಿದ್ದು 1992ರಲ್ಲಿ. ಅಷ್ಟರಲ್ಲಿ ಹೊಸ ತಲೆಮಾರಿನ ಸೂಪರ್ ನಿಂಟೆಂಡೊ ಯಂತ್ರ ಮಾರುಕಟ್ಟೆಗೆ ಬಂದು ವರ್ಷ ತಿರುಗುತ್ತಿತ್ತು. ಮೂಲ ಹೆಸರಿನಲ್ಲಿ ಈ ಸರಣಿ ಅಮೆರಿಕದಲ್ಲಿ ಮಾರಾಟವಾಗಲು 2005ರ ಎಂಟನೆಯ ಆಟದವರೆಗೆ ಕಾಯಬೇಕಾಯಿತು. ರಫ್ತಿನ ಆಲೋಚನೆಯುಳ್ಳವರು ವ್ಯಾಪಾರ ಚಿಹ್ನೆಯ ನೋಂದಣಿಯನ್ನು ಸರಕು ಹಡಗೇರುವ ಮುನ್ನವೇ ಪರಿಶೀಲಿಸಬೇಕೆಂಬುದಕ್ಕೆ ಇದು ಸಾಕ್ಷಿ.

ಲೆಕ್ಕಪುಸ್ತಕಕ್ಕೆ ಸಿಗದ ಆಸ್ತಿ

ನಮ್ಮ ಲೆಕ್ಕಪತ್ರ ಮಾನದಂಡ 26ರ ಪ್ರಕಾರ, ಸಂಸ್ಥೆಯು ತಾನೇ ಬೆಳೆಸಿಕೊಂಡ ಸುನಾಮವನ್ನಾಗಲೀ ಬ್ರ್ಯಾಂಡನ್ನಾಗಲೀ ಆಸ್ತಿ-ಹೊಣೆ ಪಟ್ಟಿಯಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಅದರ ವೆಚ್ಚವನ್ನು ಖಚಿತವಾಗಿ ಅಳೆಯಲಾಗದೆಂಬುದೇ ಕಾರಣ. ಈ ನಿಯಮ ಸರಿಯಾದುದೇ. ಆದರೆ ಪಟ್ಟಿಯಲ್ಲಿ ಕಾಣದ ಆಸ್ತಿ ಸವೆಯುವುದೂ ಪಟ್ಟಿಯಲ್ಲಿ ಕಾಣುವುದಿಲ್ಲ. ಗುಣಮಟ್ಟ ಇಳಿಸಿದ ವರ್ಷ ಲಾಭ-ನಷ್ಟದ ತಖ್ತೆ ಹಿಂದಿಗಿಂತ ಚೆನ್ನಾಗಿಯೇ ಕಾಣುತ್ತದೆ. ನಷ್ಟ ತಿಳಿಯುವಾಗ ಮೂರು ನಾಲ್ಕು ವರ್ಷಗಳು ಕಳೆದಿರುತ್ತವೆ.

ಎನಿಕ್ಸ್ ಆ ಕಾಣದ ಆಸ್ತಿಯನ್ನು ಹೇಗೆ ಕಾಪಾಡಿಕೊಂಡಿತೆಂಬುದಕ್ಕೆ ಮುಂದಿನ ವರ್ಷಗಳೇ ಪ್ರಮಾಣ. 2003ರ ಏಪ್ರಿಲ್ 1ರಂದು ಅದು ತನ್ನ ಪ್ರತಿಸ್ಪರ್ಧಿ ಸ್ಕ್ವೇರ್ ಕಂಪನಿಯೊಡನೆ ವಿಲೀನಗೊಂಡಾಗ, ಕಾನೂನಿನ ದೃಷ್ಟಿಯಲ್ಲಿ ಉಳಿದುಕೊಂಡ ಕಂಪನಿ ಎನಿಕ್ಸ್. ಸ್ಕ್ವೇರ್‌ನ ಒಂದು ಷೇರಿಗೆ ಎನಿಕ್ಸ್‌ನ 0.85 ಷೇರು ಎಂದು ವಿನಿಮಯ ದರ ನಿಗದಿಯಾಯಿತು. ಸ್ಕ್ವೇರ್ ಅದಕ್ಕೂ ಮೊದಲು, 2001ರಲ್ಲಿ, ತನ್ನ ‘ಫೈನಲ್ ಫ್ಯಾಂಟಸಿ’ ಹೆಸರಿನ ಮೇಲೆ ಭಾರೀ ವೆಚ್ಚದ ಚಲನಚಿತ್ರ ತೆಗೆದು ದೊಡ್ಡ ನಷ್ಟ ಅನುಭವಿಸಿತ್ತು. ‘ಡ್ರ್ಯಾಗನ್ ಕ್ವೆಸ್ಟ್ 3’ ಮಾತ್ರ 1996ರಲ್ಲಿ, 2000ದಲ್ಲಿ, ಮತ್ತೆ 2024ರ ನವೆಂಬರ್ 14ರಂದು ಹೊಸ ಯಂತ್ರಗಳಿಗೆ ತಕ್ಕಂತೆ ಮರುರೂಪ ಪಡೆದು ಮಾರುಕಟ್ಟೆಗೆ ಬಂದಿತು. ಅದರ ಮುಖ್ಯ ರಾಗ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯ ಕ್ರೀಡಾಪಟುಗಳ ಪಥಸಂಚಲನದಲ್ಲಿ ಮೊಳಗಿತು.

ಹೊಸ ಸರಕು ತರಲು ಸಿದ್ಧರಾಗುತ್ತಿರುವ ಸದಸ್ಯರು ಈ ಕೆಳಗಿನ ಅಂಶಗಳನ್ನು ಪರಿಶೀಲಿಸಬಹುದು:

1. ಹಿಂದಿನ ಸರಕಿನಲ್ಲಿ ಗ್ರಾಹಕರು ಸಹಿಸಿಕೊಂಡಿದ್ದ ತೊಂದರೆ ಯಾವುದು? ಹೊಸ ವೆಚ್ಚದ ಮೊದಲ ಪಾಲು ಅದರ ನಿವಾರಣೆಗೆ ಹೋಗಲಿ.

2. ಹೆಸರು ತಂದುಕೊಟ್ಟ ಕೈಗಳನ್ನು ಲಾಭದ ಆಸೆಯಿಂದ ಬದಲಿಸುತ್ತಿದ್ದೇವೆಯೇ?

3. ನಮ್ಮ ಸರಕಿನ ಬೇಡಿಕೆಯನ್ನು ಬಳಸಿ ವಿತರಕರು ಗ್ರಾಹಕರನ್ನು ಹಿಂಡುತ್ತಿದ್ದಾರೆಯೇ?

4. ಮಾರಲಿರುವ ಪ್ರತಿಯೊಂದು ದೇಶದಲ್ಲೂ ಹೆಸರು ನಮ್ಮದಾಗಿದೆಯೇ?

ಈ ನಾಲ್ಕಕ್ಕೂ ಸಮಾಧಾನಕರ ಉತ್ತರ ದೊರೆತ ಮೇಲೆ ಬೆಲೆಯ ಮಾತಿಗೆ ಬರುವುದು ಒಳಿತು.