ಮೂತ್ರಪಿಂಡದ ಕಳವು: ಕಥೆಯೆಷ್ಟು, ನಿಜವೆಷ್ಟು?

ವ್ಯಾಪಾರದ ನಿಮಿತ್ತ ಪರವೂರಿಗೆ ಹೋದ ಗೃಹಸ್ಥನೊಬ್ಬನು ಸಂಜೆ ಹೋಟೆಲಿನಲ್ಲಿ ಅಪರಿಚಿತರು ಕೊಟ್ಟ ಪಾನೀಯವನ್ನು ಕುಡಿಯುತ್ತಾನೆ. ಮುಂದೆ ನಡೆದದ್ದು ಅವನಿಗೆ ತಿಳಿಯದು. ಎಚ್ಚರವಾದಾಗ ಮಂಜುಗಡ್ಡೆ ತುಂಬಿದ ಸ್ನಾನದ ತೊಟ್ಟಿಯಲ್ಲಿ ಮಲಗಿರುತ್ತಾನೆ. ಬೆನ್ನಿನ ಬದಿಯಲ್ಲಿ ಹೊಲಿಗೆ, ಪಕ್ಕದಲ್ಲಿ ಒಂದು ಚೀಟಿ. ಕೂಡಲೆ ವೈದ್ಯರನ್ನು ಕರೆಯದಿದ್ದರೆ ಸಾಯುವೆ ಎಂದು ಅದರಲ್ಲಿ ಬರೆದಿರುತ್ತದೆ. ಅವನ ಮೂತ್ರಪಿಂಡಗಳಲ್ಲೊಂದು ಮಾಯವಾಗಿದೆ.

ಈ ಕಥೆಯನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ನಾವೂ ಕೇಳಿದ್ದೇವೆ, ಪ್ರತಿ ಸಲವೂ ಊರಿನ ಹೆಸರು ಬೇರೆ. ಹೇಳುವವನು ಕಣ್ಣಾರೆ ಕಂಡವನಲ್ಲ. ಅವನ ಷಡ್ಡಕನ ಕಚೇರಿಯಲ್ಲಿರುವ ಯಾರೋ ಒಬ್ಬರಿಗೆ ಪರಿಚಿತನಾದವನಿಗೆ ಹೀಗಾಯಿತಂತೆ! 1997ರ ಜನವರಿಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಈ ವದಂತಿ ಎಷ್ಟು ಬಲಿತಿತೆಂದರೆ, ಅಂತಹ ಒಂದು ಪ್ರಕರಣವೂ ನಡೆದಿಲ್ಲವೆಂದು ಅಲ್ಲಿಯ ಪೊಲೀಸರು ಪ್ರಕಟಣೆ ಹೊರಡಿಸಬೇಕಾಯಿತು. ಹೀಗೆ ಮೂತ್ರಪಿಂಡ ಕಳೆದುಕೊಂಡವರು ಇದ್ದರೆ ಮುಂದೆ ಬರಲಿ ಎಂದು ಆ ದೇಶದ ರಾಷ್ಟ್ರೀಯ ಮೂತ್ರಪಿಂಡ ಪ್ರತಿಷ್ಠಾನವು ಕೇಳಿಕೊಂಡಿತು. ಯಾರೂ ಬರಲಿಲ್ಲ.

ಬರುವುದು ಸಾಧ್ಯವೂ ಇರಲಿಲ್ಲ. ಏಕೆಂಬುದನ್ನು ತಿಳಿಯಬೇಕಾದರೆ ಈ ಅವಯವವನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳಬೇಕು. ಮೂತ್ರಪಿಂಡವೊಂದರ ತೂಕ ಸುಮಾರು 150 ಗ್ರಾಂ. ಎರಡರ ಮೂಲಕವೂ ಸೇರಿ ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಇಂತಹ ಅಂಗವನ್ನು ಧಮನಿ, ಅಭಿಧಮನಿ ಮತ್ತು ಮೂತ್ರನಾಳಗಳು ಸಾಕಷ್ಟು ಉದ್ದ ಉಳಿಯುವಂತೆ ಬಿಡಿಸಿ ತೆಗೆಯುವುದು ಹೋಟೆಲಿನ ಕೋಣೆಯ ಕೆಲಸವಲ್ಲ. ಅದಕ್ಕೆ ನುರಿತ ಶಸ್ತ್ರವೈದ್ಯ, ಅರಿವಳಿಕೆಯ ತಜ್ಞ, ದಾದಿಯರು, ಶುದ್ಧವಾದ ಶಸ್ತ್ರಕ್ರಿಯಾಗಾರ ಎಲ್ಲವೂ ಬೇಕು. ತೆಗೆದುದನ್ನು ತಣ್ಣನೆಯ ದ್ರಾವಣದಿಂದ ತೊಳೆದು, ಸುಮಾರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿಟ್ಟರೂ ಒಂದು ಒಂದೂವರೆ ದಿನದೊಳಗೆ ಮತ್ತೊಬ್ಬರ ದೇಹದಲ್ಲಿ ಜೋಡಿಸಬೇಕು. ಹೃದಯಕ್ಕಂತೂ ನಾಲ್ಕರಿಂದ ಆರು ಗಂಟೆಯ ಅವಧಿ ಮಾತ್ರ.

ಇದಕ್ಕಿಂತ ದೊಡ್ಡ ತೊಡಕು ಮತ್ತೊಂದಿದೆ. ನಮ್ಮ ದೇಹವು ತನ್ನದಲ್ಲದ್ದನ್ನು ಸಹಿಸದು. 1954ರ ಡಿಸೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆಯವರು ನಡೆಸಿದ ಮೂತ್ರಪಿಂಡದ ಕಸಿ ಯಶಸ್ವಿಯಾದುದಕ್ಕೆ ಕಾರಣ, ಕೊಟ್ಟವನೂ ಪಡೆದವನೂ ಏಕರೂಪದ ಅವಳಿಗಳಾಗಿದ್ದುದು. ಉಳಿದವರಿಗೆ ರಕ್ತದ ಗುಂಪು ಹೊಂದಬೇಕು. ಜೀವಕೋಶಗಳ ಮೇಲಿನ ಗುರುತುಗಳು ತಕ್ಕಮಟ್ಟಿಗೆ ಕೂಡಬೇಕು. ಜೊತೆಗೆ ಪಡೆಯುವವನ ರಕ್ತದ್ರವವನ್ನು ಕೊಡುವವನ ಬಿಳಿಯ ರಕ್ತಕಣಗಳೊಡನೆ ಬೆರೆಸಿ ನೋಡಬೇಕು. ಇದಕ್ಕೆ ಕ್ರಾಸ್‌ಮ್ಯಾಚ್ ಎಂದು ಹೆಸರು. ಇದರ ಮಹತ್ವವನ್ನು 1969ರಲ್ಲಿ ಪಟೇಲ್ ಮತ್ತು ತೆರಸಾಕಿ ಎಂಬ ವಿಜ್ಞಾನಿಗಳು ಅಂಕೆಗಳಿಂದಲೇ ತೋರಿಸಿದರು. ಈ ಪರೀಕ್ಷೆಯಲ್ಲಿ ವೈರ ಕಂಡುಬಂದಿದ್ದ 30 ಕಸಿಗಳ ಪೈಕಿ 24 ಒಡನೆಯೇ ಕೆಟ್ಟವು. ವೈರ ಕಾಣದಿದ್ದ 195ರಲ್ಲಿ ಹಾಗೆ ಕೆಟ್ಟವು 8 ಮಾತ್ರ. ಆದ್ದರಿಂದ ಬೀದಿಯಲ್ಲಿ ಸಿಕ್ಕಿದವನಿಂದ ಕದ್ದ ಮೂತ್ರಪಿಂಡವು, ಯಾರ ಬಾಗಿಲಿನ ಬೀಗಕ್ಕೋ ಮಾಡಿಸಿದ ಬೀಗದ ಕೈಯಂತೆ. ತೆರೆಯಬಹುದಾದ ಬಾಗಿಲು ಯಾವುದೆಂದು ಕಳ್ಳನಿಗೇ ಗೊತ್ತಿರುವುದಿಲ್ಲ.

ಕಥೆ ಸುಳ್ಳಾದರೂ ಅದರಿಂದಾದ ಅನಾಹುತಗಳು ಸುಳ್ಳಲ್ಲ. 1994ರಲ್ಲಿ ಗ್ವಾಟೆಮಾಲಾ ದೇಶದ ಒಂದು ಊರಿನಲ್ಲಿ, ಮಕ್ಕಳ ಅಂಗಗಳನ್ನು ಕದಿಯಲು ಬಂದವಳೆಂಬ ಸಂಶಯದಿಂದ ಅಮೆರಿಕದ ಪ್ರವಾಸಿ ಮಹಿಳೆಯೊಬ್ಬಳನ್ನು ಜನರು ಸಾಯುವಂತೆ ಬಡಿದರು. ನಮ್ಮ ನಾಡೂ ಇದರಿಂದ ಹೊರತಾಗಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶಗಳು ಮೊಬೈಲುಗಳಲ್ಲಿ ದೇಶದಲ್ಲೆಲ್ಲ ಹರಿದಾಡಿದವು. ಅಂಗಗಳಿಗಾಗಿಯೇ ಮಕ್ಕಳನ್ನು ಒಯ್ಯುತ್ತಾರೆಂದು ಕೆಲವು ಸಂದೇಶಗಳು ಹೇಳಿದವು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ತರುಣನೊಬ್ಬನನ್ನೂ, ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರನೊಬ್ಬನನ್ನೂ ಗುಂಪು ಹೊಡೆದು ಕೊಂದಿತು.

ಹಾಗಾದರೆ ಅಂಗಗಳ ಕಳ್ಳವ್ಯಾಪಾರವೇ ಇಲ್ಲವೆ? ಇದೆ. ಆದರೆ ಅದು ಕತ್ತಲೆಯ ಓಣಿಯಲ್ಲಿಲ್ಲ. ಬೆಳಕುಳ್ಳ ಶಸ್ತ್ರಕ್ರಿಯಾಗಾರದಲ್ಲಿ, ಸಹಿ ಮೊಹರುಗಳುಳ್ಳ ಕಾಗದಗಳ ನೆರಳಿನಲ್ಲಿದೆ. ಹಿಂದೆ ಹೇಳಿದ ಪರೀಕ್ಷೆಗಳೆಲ್ಲವೂ ಅಲ್ಲಿಯೂ ನಡೆಯಲೇಬೇಕು. ಆದುದರಿಂದಲೇ ವೈದ್ಯರ ಸಹಾಯವಿಲ್ಲದೆ ಈ ವ್ಯಾಪಾರ ಒಂದು ದಿನವೂ ನಡೆಯದು. ಕಸಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಎಂಬ ಔಷಧವು 1980ರ ದಶಕದಲ್ಲಿ ಬಳಕೆಗೆ ಬಂದ ಮೇಲೆ, ರಕ್ತಸಂಬಂಧವಿಲ್ಲದವರ ಮೂತ್ರಪಿಂಡವೂ ಉಪಯೋಗಕ್ಕೆ ಬರುವಂತಾಯಿತು. ಅಂದಿನಿಂದ ಬಡವನ ಬೆನ್ನಿಗೆ ಬೆಲೆ ಬಂದಿತು. ಮುಂಬಯಿ, ಮದರಾಸುಗಳಿಗೆ ಕೊಲ್ಲಿ ದೇಶಗಳಿಂದಲೂ ರೋಗಿಗಳು ಬರತೊಡಗಿದರು. ಮದರಾಸಿನ ವಿಲ್ಲಿವಾಕ್ಕಂ ಬಡಾವಣೆಯಲ್ಲಿ ಮೂತ್ರಪಿಂಡ ಮಾರಿದವರು ಎಷ್ಟು ಮಂದಿಯಿದ್ದರೆಂದರೆ, ಜನರು ಅದನ್ನು 'ಕಿಡ್ನಿವಾಕ್ಕಂ' ಎಂದೇ ಕರೆದರು. 1995ರಲ್ಲಿ ಬೆಂಗಳೂರಿನಲ್ಲಿಯೂ ಇಂತಹ ಜಾಲವೊಂದು ಬಯಲಾಯಿತು.

ಮೋಸ ಬಲಾತ್ಕಾರಗಳೂ ಇಲ್ಲದಿಲ್ಲ. 2008ರ ಜನವರಿಯಲ್ಲಿ ದಿಲ್ಲಿಯ ಬಳಿಯ ಗುಡಗಾಂವಿನಲ್ಲಿ ಪೊಲೀಸರು ಪತ್ತೆಹಚ್ಚಿದ ಪ್ರಕರಣದಲ್ಲಿ, ಕೂಲಿ ಕೊಡಿಸುವ ಆಸೆ ತೋರಿಸಿ ತಮ್ಮನ್ನು ಕರೆತಂದು ಬೆದರಿಸಿ ಮೂತ್ರಪಿಂಡ ತೆಗೆದರೆಂದು ಕೂಲಿಗಳು ಹೇಳಿದರು. ಮುಖ್ಯ ಆರೋಪಿಯು ನೇಪಾಳದಲ್ಲಿ ಸೆರೆಸಿಕ್ಕಿ, 2013ರಲ್ಲಿ ಶಿಕ್ಷೆಗೊಳಗಾದನು. ಮಂಜುಗಡ್ಡೆಯ ಕಥೆಯಲ್ಲಿ ಒಂದು ಕಾಳಿನಷ್ಟು ನಿಜವಿದ್ದರೆ ಅದು ಇಲ್ಲಿದೆ. ಆದರೆ ಗಮನಿಸಿ: ಇಲ್ಲಿ ಮೊಸಹೋದವನು ಸೂಟು ತೊಟ್ಟ ಪ್ರವಾಸಿಯಲ್ಲ, ದಿನಗೂಲಿಗೆ ಕಾದು ನಿಂತವನು.

ನಮ್ಮ ದೇಶದಲ್ಲಿ 1994ರ ಕಾಯಿದೆಯು ಅಂಗಗಳ ಮಾರಾಟವನ್ನು ಅಪರಾಧವೆಂದು ಸಾರಿತು. 2011ರ ತಿದ್ದುಪಡಿಯ ಮೇರೆಗೆ ಅದಕ್ಕೆ ಐದರಿಂದ ಹತ್ತು ವರ್ಷಗಳ ಸೆರೆಮನೆವಾಸವೂ 20 ಲಕ್ಷದಿಂದ ಒಂದು ಕೋಟಿ ರೂಪಾಯಿಗಳವರೆಗೆ ದಂಡವೂ ಉಂಟು. ಆದರೆ ನಿಕಟ ಸಂಬಂಧಿಯಲ್ಲದವನೂ ಪ್ರೀತಿ ಅಥವಾ ಮಮತೆಯಿಂದ ಅಂಗವನ್ನು ಕೊಡಬಹುದೆಂದೂ, ಅದಕ್ಕೆ ಅಧಿಕಾರವುಳ್ಳ ಸಮಿತಿಯ ಒಪ್ಪಿಗೆ ಬೇಕೆಂದೂ ಕಾಯಿದೆ ಹೇಳುತ್ತದೆ. ದಲ್ಲಾಳಿಗಳು ನುಸುಳುವುದು ಈ ಕಿಂಡಿಯಿಂದಲೇ. ಮುಖಪರಿಚಯವಿಲ್ಲದವನು ಸಮಿತಿಯ ಮುಂದೆ ಮನೆಯ ಹಳೆಯ ನಂಬಿಗಸ್ತನಾಗುತ್ತಾನೆ. ಯಾರೋ ಹೆಂಗಸು ಖೊಟ್ಟಿ ಪತ್ರಗಳ ಬಲದಿಂದ ರೋಗಿಯ ಪತ್ನಿಯಾಗುತ್ತಾಳೆ. ಪ್ರೀತಿಯನ್ನು ಅಳೆಯುವ ಪರೀಕ್ಷೆಯನ್ನು ಯಾವ ಪ್ರಯೋಗಶಾಲೆಯೂ ಇನ್ನೂ ಕಂಡುಹಿಡಿದಿಲ್ಲ.

ಕೊಂಡವರಿಗಾದರೂ ಸುಖವಾಯಿತೆ? 1984ರಿಂದ 1988ರವರೆಗೆ ಮುಂಬಯಿಯಲ್ಲಿ ಮೂತ್ರಪಿಂಡ ಕೊಂಡು ಹಿಂತಿರುಗಿದ ಕೊಲ್ಲಿ ದೇಶಗಳ 130 ರೋಗಿಗಳ ವಿವರವು 1990ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನೂರಕ್ಕೆ 18ಕ್ಕೂ ಮಿಕ್ಕಿ ಜನರು ವರ್ಷದೊಳಗೇ ತೀರಿಹೋಗಿದ್ದರು.

ಮಾರಿದವರ ಸ್ಥಿತಿಯನ್ನು ಅರಿಯಲು ಸಂಶೋಧಕರು 2001ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ 305 ಮಂದಿಯನ್ನು ಕಂಡು ಮಾತನಾಡಿಸಿದರು. ನೂರಕ್ಕೆ 96 ಮಂದಿ ಮಾರಿದ್ದು ಸಾಲ ತೀರಿಸಲು. ಒಪ್ಪಿದ ಬೆಲೆ ಸರಾಸರಿ 1,410 ಡಾಲರು; ಕೈಗೆ ಬಂದದ್ದು 1,070, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 50,000 ರೂಪಾಯಿ. ಮಾರಿ ಸರಾಸರಿ ಆರು ವರ್ಷ ಕಳೆದಿದ್ದವು. ಅಷ್ಟರಲ್ಲಿ ಮನೆಯ ವರಮಾನ ಮೂರರಲ್ಲೊಂದು ಪಾಲು ಇಳಿದಿತ್ತು. ನೂರಕ್ಕೆ 86 ಮಂದಿ ಆರೋಗ್ಯ ಕೆಟ್ಟಿತೆಂದರು. ನಾಲ್ವರಲ್ಲಿ ಸುಮಾರು ಮೂವರು ಇನ್ನೂ ಸಾಲಗಾರರಾಗಿಯೇ ಇದ್ದರು.

ಒಂದು ಮೂತ್ರಪಿಂಡದಿಂದ ಮನುಷ್ಯನು ಆರೋಗ್ಯವಾಗಿ ಬಾಳಬಲ್ಲನೆಂದು ವೈದ್ಯಶಾಸ್ತ್ರ ಹೇಳುವುದು ಸುಳ್ಳೆ? ಸುಳ್ಳಲ್ಲ. ಉಳಿದ ಮೂತ್ರಪಿಂಡವು ಹಿಗ್ಗಿ, ಹಿಂದಿನ ಒಟ್ಟು ಸಾಮರ್ಥ್ಯದ ಸುಮಾರು ನೂರಕ್ಕೆ 70 ಪಾಲಿನಷ್ಟು ಕೆಲಸವನ್ನು ತಾನೊಂದೇ ನಿರ್ವಹಿಸುತ್ತದೆ. ಆದರೆ ಆ ಮಾತು, ಮೊದಲೇ ಚೆನ್ನಾಗಿ ಪರೀಕ್ಷಿಸಿ ಆರಿಸಿದ, ಹೊಟ್ಟೆ ತುಂಬ ಉಣ್ಣುವ, ವರ್ಷಕ್ಕೊಮ್ಮೆ ರಕ್ತದ ಒತ್ತಡವನ್ನೂ ಮೂತ್ರವನ್ನೂ ಪರೀಕ್ಷೆ ಮಾಡಿಸಿಕೊಳ್ಳುವ ದಾನಿಗೆ ಸಲ್ಲುವುದು. ಹೊಲಿಗೆ ಬಿಚ್ಚಿದ ವಾರದಲ್ಲೇ ಗಾರೆಯ ಬಾಂಡ್ಲಿ ಹೊರಬೇಕಾದವನಿಗಲ್ಲ.

ಆ 305 ಮಂದಿಯಲ್ಲಿ ನೂರಕ್ಕೆ 71 ಪಾಲು ಹೆಂಗಸರು. ಮದರಾಸಿನ ಇಂತಹ ಕೇರಿಗಳಲ್ಲಿ ವಿಚಾರಿಸಿದ ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ ಅವರು 1999ರಲ್ಲಿ ಬರೆದ ಒಂದು ಸಂಗತಿ ನಮ್ಮನ್ನು ಬಹಳ ದಿನ ಕಾಡಿತು. ಮೂತ್ರಪಿಂಡ ಮಾರುವುದು ರೂಢಿಯಾದ ಕೇರಿಗಳಲ್ಲಿ ಲೇವಾದೇವಿಗಾರರು ಅದನ್ನೇ ಒತ್ತೆಯೆಂದು ಭಾವಿಸಿ ಸಾಲ ಕೊಡುತ್ತಿದ್ದರಂತೆ. ವಸೂಲಿಗೂ ಅಲ್ಲಿಯೇ ಹೆಚ್ಚು ಬಿಗಿ. ಹೀಗೆ ಇನ್ನೂ ಮಾರದ ಮನೆಯವಳ ಮೂತ್ರಪಿಂಡವೂ ಸಾಹುಕಾರನ ಲೆಕ್ಕದ ಪುಸ್ತಕದಲ್ಲಿ ಆಗಲೇ ಜಮೆಯಾಗಿರುತ್ತಿದ್ದಿತು.