ಕದ್ದ ಹಣದ ಬೆನ್ನು ಹತ್ತಿ

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಗೂ ಸಿರುಗುಪ್ಪ ತಾಲ್ಲೂಕಿನ ಕರೂರಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವುಂಟು. ಕರೂರು, ಕುರುಗೋಡು, ಬಳ್ಳಾರಿಗಳ ಸೀಮೆಯಲ್ಲಿ ವಾಲ್ಮೀಕಿ ನಾಯಕ ಜನಾಂಗದವರು ಬಹುಸಂಖ್ಯೆಯಲ್ಲಿದ್ದಾರೆ. ಬಳ್ಳಾರಿಯ ಲೋಕಸಭಾ ಸ್ಥಾನವೇ ಪರಿಶಿಷ್ಟ ಪಂಗಡಕ್ಕೆ ಮೀಸಲು. ಇಂತಹ ಬಡ ಕುಟುಂಬಗಳ ಹೊಲದಲ್ಲಿ ಗಂಗಾ ಕಲ್ಯಾಣ ಯೋಜನೆಯಡಿ ಕೊಳವೆಬಾವಿ ಕೊರೆಸುವುದು, ಸ್ವಂತ ಕಸುಬಿಗೆ ಸಾಲ ಒದಗಿಸುವುದು ಕರ್ನಾಟಕ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಕಾರ್ಯ. ಆ ನಿಗಮದ ಸುಮಾರು 187 ಕೋಟಿ ರೂಪಾಯಿ 2024ರಲ್ಲಿ ಮಹಾತ್ಮ ಗಾಂಧಿ ರಸ್ತೆಯ ಯೂನಿಯನ್ ಬ್ಯಾಂಕಿನ ಶಾಖೆಗೆ ಬಂದಿತ್ತು.

ಅಲ್ಲಿಂದ ಸುಮಾರು 90 ಕೋಟಿ ರೂಪಾಯಿ ಹೈದರಾಬಾದಿನ ಸಹಕಾರ ಸಂಘವೊಂದರ ಖಾತೆಗಳಿಗೆ ಹರಿದುಹೋಯಿತು. ನಿಗಮದ ಲೆಕ್ಕಪತ್ರ ಅಧಿಕಾರಿಯೊಬ್ಬರು 2024ರ ಮೇ 26ರಂದು ಪ್ರಾಣ ಕಳೆದುಕೊಂಡು, ಅವರು ಬರೆದಿಟ್ಟ ಪತ್ರವು ಹೊರಬಿದ್ದಾಗಲೇ ನಾಡಿಗೆ ಈ ಸಂಗತಿ ತಿಳಿದದ್ದು. ಬೇಲಿಯೇ ಎದ್ದು ಹೊಲ ಮೇಯ್ದಿತೆಂದು ಜನ ಮರುಗಿದರು.

ಸರ್ಕಾರ ಸುಮ್ಮನೆ ಕೂರಲಿಲ್ಲ. ಮೇ ತಿಂಗಳ ಕೊನೆಯಲ್ಲೇ ರಾಜ್ಯವು ವಿಶೇಷ ತನಿಖಾ ತಂಡವನ್ನು ನೇಮಿಸಿತು. ಬ್ಯಾಂಕು ದೂರು ಕೊಟ್ಟಿದ್ದರಿಂದ ಕೇಂದ್ರೀಯ ತನಿಖಾ ದಳ, ಅಂದರೆ ಸಿಬಿಐ, ಮೊಕದ್ದಮೆ ಹೂಡಿತು. ಕದ್ದ ಹಣ ಯಾರ ಕೈಯಿಂದ ಯಾರ ಕೈಗೆ ಸೇರಿತೆಂದು ಅರಸಲು, 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯನ್ವಯ ಜಾರಿ ನಿರ್ದೇಶನಾಲಯವೂ ಇಳಿಯಿತು. ಪರಿಶಿಷ್ಟ ಪಂಗಡಗಳ ಕಲ್ಯಾಣ ಸಚಿವರಾಗಿದ್ದ, ಬಳ್ಳಾರಿ ಗ್ರಾಮಾಂತರದ ಶಾಸಕ ಬಿ. ನಾಗೇಂದ್ರ ಅವರು ಜೂನ್ 6ರಂದು ರಾಜೀನಾಮೆಯಿತ್ತರು. ಜುಲೈನಲ್ಲಿ ಬಂಧಿತರಾಗಿ, ಅಕ್ಟೋಬರಿನಲ್ಲಿ ಜಾಮೀನು ಪಡೆದರು.

ಒಂದೇ ಕಳವಿಗೆ ಮೂರು ತನಿಖೆ! ಚಿತ್ರ ಮಾತ್ರ ಒಂದೇ ಆಗಲಿಲ್ಲ. ರಾಜ್ಯದ ತಂಡ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಮಾಜಿ ಸಚಿವರ ಹೆಸರಿರಲಿಲ್ಲ. ನಿರ್ದೇಶನಾಲಯವು ಸೆಪ್ಟೆಂಬರಿನಲ್ಲಿ ಅವರನ್ನೇ ಮುಖ್ಯ ಆರೋಪಿಯೆಂದಿತು. ಬಳ್ಳಾರಿಯ ಲೋಕಸಭಾ ಚುನಾವಣೆಗೂ ಈ ಹಣ ಬಳಕೆಯಾಯಿತೆಂದು ವಾದಿಸಿತು. ಅವರು ಇದನ್ನು ಅಲ್ಲಗಳೆದಿದ್ದಾರೆ. ನ್ಯಾಯಾಲಯದಲ್ಲಿ ಸಾಬೀತಾಗುವವರೆಗೆ ಆರೋಪವು ಆರೋಪವೇ. ನಡುವೆ ನಿರ್ದೇಶನಾಲಯದ ಅಧಿಕಾರಿಗಳ ಮೇಲೆಯೇ ರಾಜ್ಯದ ಪೊಲೀಸರು ಮೊಕದ್ದಮೆ ದಾಖಲಿಸಿದರು. ಅದಕ್ಕೆ ಉಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಕಡೆಗೆ 2025ರ ಜುಲೈನಲ್ಲಿ ಅದೇ ನ್ಯಾಯಾಲಯವು ಹಗರಣದ ತನಿಖೆಯನ್ನು ಸಿಬಿಐಗೆ ಒಪ್ಪಿಸುವಂತೆ ಆದೇಶಿಸಿತು.

ರಾಜ್ಯ ಕೇಂದ್ರಗಳ ಈ ಎಳೆದಾಟದಲ್ಲಿ ಒಂದು ಪ್ರಶ್ನೆ ಮರೆಯಾಗಬಾರದು: ಹಣ ಹಿಂದಿರುಗುವುದೆಂದು? ತಪ್ಪಿತಸ್ಥನನ್ನು ಸೆರೆಮನೆಗೆ ಕಳುಹಿಸಿದರೆ ಕಾನೂನಿಗೆ ತೃಪ್ತಿಯಾದೀತು, ಹೊಲಕ್ಕೆ ನೀರು ಬಾರದು. ಅದೃಷ್ಟವಶಾತ್ 2002ರ ಕಾಯಿದೆಯಲ್ಲಿಯೇ ಇದಕ್ಕೆ ದಾರಿಯಿದೆ. ಮುಟ್ಟುಗೋಲು ಹಾಕಿಕೊಂಡ ಆಸ್ತಿಯನ್ನು ನಷ್ಟವುಂಡ ನಿಜವಾದ ಹಕ್ಕುದಾರರಿಗೆ ಮರಳಿಸುವ ಅಧಿಕಾರ ವಿಶೇಷ ನ್ಯಾಯಾಲಯಕ್ಕುಂಟು.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಚಾಳಿ ನಮ್ಮದು. ನಿಗಮದ ಖಾತೆಯಿಂದ ದೊಡ್ಡ ಮೊತ್ತ ಹೊರಡುವಾಗಲೇ ಬ್ಯಾಂಕು ತಡೆದು ವಿಚಾರಿಸಿದ್ದರೆ ಮೂರು ತನಿಖೆಗಳ ಅಗತ್ಯವೇ ಬೀಳುತ್ತಿರಲಿಲ್ಲ. ಈಗಲಾದರೂ ತನಿಖೆಯ ಯಶಸ್ಸನ್ನು ಬಂಧನಗಳ ಸಂಖ್ಯೆಯಿಂದ ಅಳೆಯದೆ, ಕರೂರಿನಂತಹ ಊರುಗಳ ಬಡವರಿಗೆ ಮರಳಿದ ರೂಪಾಯಿಗಳಿಂದ ಅಳೆಯೋಣ.